ಹಳೆಯ ಕಂಪ್ಯೂಟರಿನಲ್ಲಿ ಹೊಸ ಸಿನಿಮಾ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರಮಂದಿರದಲ್ಲಿ ತೆರೆಕಂಡ ಸಿನಿಮಾ ಕೆಲವೇ ವಾರಗಳಲ್ಲಿ ಮನೆಯ ಪರದೆಗೆ ಬರುವುದು ಈಗ ವಾಡಿಕೆಯಾಗಿದೆ. ಹಾಗೆ ಬಂದ ಚಿತ್ರವನ್ನು ನಮ್ಮಲ್ಲಿ ಅನೇಕರು, ಅದರಲ್ಲೂ ಹಾಸ್ಟೆಲುಗಳಲ್ಲಿರುವ ವಿದ್ಯಾರ್ಥಿಗಳು ಮತ್ತು ಬಾಡಿಗೆ ಕೋಣೆ ಹಿಡಿದು ಹೊಸದಾಗಿ ನೌಕರಿಗೆ ಸೇರಿದವರು, ಏಳೆಂಟು ವರ್ಷ ಹಳೆಯ ಕಂಪ್ಯೂಟರಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡುತ್ತಾರೆ. ಚಿತ್ರ ಅಲ್ಲಲ್ಲಿ ತಡವರಿಸುತ್ತದೆ. ರಾತ್ರಿಯ ದೃಶ್ಯಗಳಲ್ಲಿ ಏನು ನಡೆಯುತ್ತಿದೆ ಎಂಬುದೇ ಕಾಣುವುದಿಲ್ಲ. ಮಾತು ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ ಮುಂದಿನ ಹೊಡೆದಾಟದ ಸದ್ದಿಗೆ ಪಕ್ಕದ ಮನೆಯವರು ಎಚ್ಚರಗೊಳ್ಳುತ್ತಾರೆ. ಆಗ ಮನಸ್ಸಿಗೆ ಬರುವ ಮೊದಲ ಯೋಚನೆ ಹೊಸ ಕಂಪ್ಯೂಟರ್ ಕೊಳ್ಳಬೇಕೆಂಬುದು. ಸಿನಿಮಾ ನೋಡುವುದನ್ನೂ ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನೂ ಹವ್ಯಾಸವಾಗಿ ಬೆಳೆಸಿಕೊಂಡು ಬಂದಿರುವ ನನ್ನ ಅಭಿಪ್ರಾಯ ಬೇರೆಯಾಗಿದೆ. ಈ ಮೂರು ತೊಂದರೆಗಳಿಗೂ ಕಾರಣಗಳು ಬೇರೆ ಬೇರೆ. ಇಡೀ ಯಂತ್ರವನ್ನು ಬದಲಿಸಿದರೂ ಅವುಗಳಲ್ಲಿ ಎರಡು ಹಾಗೆಯೇ ಉಳಿಯುತ್ತವೆ. ಹಣವಿದ್ದರೆ ಅದನ್ನು ಕಣ್ಣಿಗೂ ಕಿವಿಗೂ ಹತ್ತಿರವಿರುವ ಭಾಗಗಳ ಮೇಲೆ, ಅಂದರೆ ಪರದೆ ಮತ್ತು ಸ್ಪೀಕರಿನ ಮೇಲೆ ಹಾಕುವುದು ಒಳ್ಳೆಯದು.

ಚಿತ್ರ ತಡವರಿಸುವುದರಿಂದ ಆರಂಭಿಸೋಣ. ಫುಲ್ ಎಚ್‌ಡಿ ಚಿತ್ರದ ಪ್ರತಿಯೊಂದು ಫ್ರೇಮಿನಲ್ಲಿ ಅಡ್ಡಸಾಲಿಗೆ 1920ರಂತೆ 1080 ಸಾಲು, ಒಟ್ಟು 20 ಲಕ್ಷಕ್ಕೂ ಮಿಕ್ಕಿ ಪಿಕ್ಸೆಲುಗಳು, ಅಂದರೆ ಬಣ್ಣದ ಚುಕ್ಕೆಗಳು ಇರುತ್ತವೆ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಂತೆ ಓಡುತ್ತದೆ. ಒಂದು ಪಿಕ್ಸೆಲಿನ ಬಣ್ಣಕ್ಕೆ ಮೂರು ಬೈಟುಗಳಂತೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 150 ಮೆಗಾಬೈಟ್ ಆಗುತ್ತದೆ. ಅಗಲದಲ್ಲೂ ಎತ್ತರದಲ್ಲೂ ಎರಡರಷ್ಟು ಪಿಕ್ಸೆಲುಗಳಿರುವ 4ಕೆ ಚಿತ್ರಕ್ಕೆ ಅದರ ನಾಲ್ಕು ಪಟ್ಟು. ಆದರೆ ಇಂಟರ್ನೆಟ್ ಮೂಲಕ ಮನೆಗೆ ಬರುವ 4ಕೆ ಚಿತ್ರದ ಹರಿವು ಸೆಕೆಂಡಿಗೆ ಎರಡು ಮೂರು ಮೆಗಾಬೈಟಿನಷ್ಟು ಮಾತ್ರ. ಅಷ್ಟೊಂದು ಕುಗ್ಗಿಸಿ ಕಳುಹಿಸಿದ ಚಿತ್ರವನ್ನು ಮತ್ತೆ ಬಿಡಿಸುವ ಕೆಲಸಕ್ಕೆ ಡಿಕೋಡಿಂಗ್ ಎಂದು ಹೆಸರು. ಕುಗ್ಗಿಸುವ ವಿಧಾನಗಳು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿವೆ: 2003ರ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1. ಹೊಸ ವಿಧಾನಗಳು ಕಡಿಮೆ ಡೇಟಾದಲ್ಲಿ ಹೆಚ್ಚು ಚಂದದ ಚಿತ್ರವನ್ನು ಕೊಡುತ್ತವೆ, ಆದರೆ ಬಿಡಿಸುವ ಕೆಲಸ ಅಷ್ಟೇ ಕಷ್ಟವಾಗುತ್ತದೆ.

ಈ ಕೆಲಸಕ್ಕೆಂದೇ ಗ್ರಾಫಿಕ್ಸ್ ಚಿಪ್ಪಿನೊಳಗೆ ಪ್ರತ್ಯೇಕವಾದ ಸಣ್ಣ ವಿಭಾಗವೊಂದಿರುತ್ತದೆ. ಆ ವಿಭಾಗಕ್ಕೆ ಚಿತ್ರದ ವಿಧಾನ ಗೊತ್ತಿದ್ದರೆ ಸಾಧಾರಣ ಲ್ಯಾಪ್‌ಟಾಪ್ ಕೂಡ ಫ್ಯಾನಿನ ಸದ್ದಿಲ್ಲದೆ 4ಕೆ ತೋರಿಸುತ್ತದೆ. ಗೊತ್ತಿಲ್ಲದಿದ್ದರೆ ಇಡೀ ಹೊರೆ ಪ್ರೊಸೆಸರಿನ ಮೇಲೆ ಬಿದ್ದು ಯಂತ್ರ ಬಿಸಿಯೇರಿ ಚಿತ್ರ ತಡವರಿಸತೊಡಗುತ್ತದೆ. ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್, ಬಣ್ಣದ ಹೆಚ್ಚು ಛಾಯೆಗಳನ್ನು ಹಿಡಿಯುವ 10 ಬಿಟ್ ಎಚ್‌ಇವಿಸಿಯನ್ನು ಏಳನೆಯ ಪೀಳಿಗೆಯಿಂದಲೂ, ಎವಿ1 ಅನ್ನು ಹನ್ನೊಂದನೆಯ ಪೀಳಿಗೆಯಿಂದಲೂ ಬಿಡಿಸಬಲ್ಲದು. ನಿಮ್ಮ ಯಂತ್ರದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ವಿಂಡೋಸಿನಲ್ಲಿ ಚಿತ್ರ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್ಪು) ಮೇಲೆ ಒತ್ತಿ, ವಿಡಿಯೋ ಡಿಕೋಡ್ ಎಂಬ ನಕ್ಷೆಯನ್ನು ನೋಡಿರಿ. ಆ ಗೆರೆ ಮೇಲಕ್ಕೆದ್ದಿದ್ದರೆ ಚಿಪ್ಪು ತನ್ನ ಕೆಲಸ ಮಾಡುತ್ತಿದೆ ಎಂದು ಅರ್ಥ. ಅದು ನೆಲಕಚ್ಚಿ ಪ್ರೊಸೆಸರಿನ ಗೆರೆ ತುದಿ ಮುಟ್ಟಿದ್ದರೆ ತೊಂದರೆ ಅಲ್ಲಿಯೇ ಇದೆ.

ಹೀಗಿದ್ದಾಗಲೂ ನಾನು ಹೊಸ ಪ್ರೊಸೆಸರ್ ಕೊಳ್ಳಿ ಎನ್ನುವುದಿಲ್ಲ, ಏಕೆಂದರೆ ಇನ್ನೊಂದು ಅಡ್ಡಿಯಿದೆ. 4ಕೆ ಚಂದಾ ಕಟ್ಟಿದ್ದರೂ ಕಂಪ್ಯೂಟರಿನ ಬ್ರೌಸರಿನಲ್ಲಿ ಬಹುತೇಕ ಒಟಿಟಿ ಸೇವೆಗಳು ಪೂರ್ಣ ಗುಣಮಟ್ಟದ ಚಿತ್ರವನ್ನು ಕೊಡುವುದಿಲ್ಲ. ನಕಲು ತಡೆಯುವ ವ್ಯವಸ್ಥೆಗೆ ಬ್ರೌಸರ್, ಗ್ರಾಫಿಕ್ಸ್ ಚಿಪ್ಪು, ಮಾನಿಟರ್ ಮೂರೂ ಒಪ್ಪಿಗೆಯಾಗಬೇಕು. ಒಂದು ಕೈಕೊಟ್ಟರೂ ಚಿತ್ರದ ಗುಣಮಟ್ಟ ಕೆಳಗಿಳಿಯುತ್ತದೆ. ವಿಂಡೋಸಿನ ಬದಲು ಉಚಿತವಾದ ಲಿನಕ್ಸ್ ಬಳಸುವವರಿಗಂತೂ ಇದು ನಿತ್ಯದ ಅನುಭವ. ಆದುದರಿಂದ ಸಿನಿಮಾಕ್ಕಾಗಿಯೇ ಹಣ ಖರ್ಚು ಮಾಡುವವರಿಗೆ ಟಿವಿ ಸ್ಟಿಕ್ ಎಂದು ಅಂಗಡಿಗಳಲ್ಲಿ ಸಿಗುವ, ಕೆಲವೇ ಸಾವಿರ ರೂಪಾಯಿಯ ಪುಟ್ಟ ಸಾಧನವನ್ನು ನಾನು ಶಿಫಾರಸು ಮಾಡುತ್ತೇನೆ. ಅದನ್ನು ಮಾನಿಟರಿನ ಎಚ್‌ಡಿಎಂಐ ಕಿಂಡಿಗೆ ನೇರವಾಗಿ ಸಿಕ್ಕಿಸಬಹುದು. ಒಟಿಟಿ ಸೇವೆಗಳ ಒಪ್ಪಿಗೆ ಪಡೆದ ಡಿಕೋಡರ್ ಅದರೊಳಗೇ ಇರುವುದರಿಂದ ಕಂಪ್ಯೂಟರ್ ಎಷ್ಟು ಹಳೆಯದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಮಾನಿಟರಿನಲ್ಲಿ ಸ್ಪೀಕರ್ ಇಲ್ಲದಿದ್ದರೂ ಹೆಡ್‌ಫೋನ್ ಸಿಕ್ಕಿಸುವ ತೂತು ಸಾಮಾನ್ಯವಾಗಿ ಇರುತ್ತದೆ. ದನಿಯನ್ನು ಅಲ್ಲಿಂದ ತೆಗೆದುಕೊಳ್ಳಬಹುದು.

ಕಂಪ್ಯೂಟರ್ ಎಲ್ಲ ಕೆಲಸದಲ್ಲೂ ನಿಧಾನವೆನಿಸಿದರೆ ಅದು ಬೇರೆಯ ಮಾತು, ಮತ್ತು ಅದಕ್ಕೆ ಮದ್ದು ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕುವುದು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ನಾಲ್ಕು ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು. ಮುಳ್ಳು ಸರಿಯಾದ ಸಾಲಿಗೆ ಸರಿಯಲು ಬೇಕಾದ ಸಮಯ ಅದಕ್ಕಿಂತಲೂ ಹೆಚ್ಚು. ಚದುರಿರುವ ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರರಷ್ಟು ಓದುವುದೇ ಅದಕ್ಕೆ ಕಷ್ಟ. ಕಂಪ್ಯೂಟರ್ ಚಾಲೂ ಆಗುವಾಗ ಓದಬೇಕಾದದ್ದು ಅಂಥ ಸಾವಿರಾರು ತುಣುಕುಗಳು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಈ ಕಾಯುವಿಕೆಯಿಲ್ಲ. ಸೆಕೆಂಡಿಗೆ 7000 ಮೆಗಾಬೈಟ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ದುಬಾರಿ ಎಸ್‌ಎಸ್‌ಡಿಯೇ ಬೇಕೆಂದಿಲ್ಲ. ಹಳೆಯ ಯಂತ್ರದ ಸಾಟಾ ಕೇಬಲಿಗೆ ಹೊಂದುವ, 550 ಮೆಗಾಬೈಟ್ ವೇಗದ ಸಾದಾ ಎಸ್‌ಎಸ್‌ಡಿ ತಂದುಕೊಡುವ ವ್ಯತ್ಯಾಸವೇ ಕೂಡಲೇ ಅನುಭವಕ್ಕೆ ಬರುತ್ತದೆ.

ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಸ್‌ಎಸ್‌ಡಿ ಕೊಳ್ಳುವವರು, ಬಳಸಿದ ಮಾಲಾಗಿದ್ದರೆ, ಅದು ಎಷ್ಟು ಗಂಟೆ ಓಡಿದೆ ಮತ್ತು ಅದರ ಆರೋಗ್ಯ ಶೇಕಡಾ ಎಷ್ಟು ಎಂಬುದನ್ನು ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ತಂತ್ರಾಂಶದಲ್ಲಿ ತೋರಿಸಲು ಅಂಗಡಿಯವರನ್ನು ಕೇಳಿರಿ; ಅದು ಕೊಳ್ಳುವವರ ಹಕ್ಕು. ರ‍್ಯಾಮ್ ವಿಷಯದಲ್ಲಿ, ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿಯ ವಿಷಯದಲ್ಲಿ, ಅವಸರ ಬೇಡ. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಭಾರಿ ಪ್ರಮಾಣದಲ್ಲಿ ಸೆಳೆದುಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಬಹಳ ಏರಿತು. ಮೈಕ್ರಾನ್ ಕಂಪನಿಯು ನಮ್ಮಂಥ ಬಿಡಿ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಸಿನಿಮಾ ನೋಡುವುದಕ್ಕೆ 8 ಜಿಬಿ ರ‍್ಯಾಮ್ ಸಾಕಾಗುತ್ತದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆಯೆಂಬ ಕಾರಣಕ್ಕೆ ಸುಸ್ಥಿತಿಯಲ್ಲಿರುವ ಯಂತ್ರವನ್ನು ಗುಜರಿಗೆ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ದೊರೆಯುವುದಿಲ್ಲ, ನಿಜ. ಆದರೆ ಅವುಗಳಲ್ಲಿ ಲಿನಕ್ಸ್ ಚೆನ್ನಾಗಿ ನಡೆಯುತ್ತದೆ, ಮತ್ತು ಕನ್ನಡದಲ್ಲಿ ಬರೆಯುವುದಕ್ಕೂ ಓದುವುದಕ್ಕೂ ಅಲ್ಲಿ ಯಾವ ಕೊರತೆಯೂ ಇಲ್ಲ.

ಇನ್ನು ನನ್ನ ಮನಸ್ಸಿಗೆ ಅತಿ ಹತ್ತಿರವಾದ ವಿಷಯಕ್ಕೆ, ಅಂದರೆ ಕತ್ತಲಿನ ವಿಷಯಕ್ಕೆ ಬರುತ್ತೇನೆ. ಕಳೆದ ಕೆಲವು ವರ್ಷಗಳ ಕನ್ನಡ ಚಿತ್ರಗಳ ಛಾಯಾಗ್ರಾಹಕರು ಕತ್ತಲನ್ನು ಧೈರ್ಯದಿಂದ ಬಳಸುತ್ತಿದ್ದಾರೆ. 2022ರ ‘ಕಾಂತಾರ’ವನ್ನೇ ನೋಡಿರಿ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಕರಾವಳಿಯ ಕಾಡಿನ ಇರುಳನ್ನೂ ಕೋಲದ ರಾತ್ರಿಯನ್ನೂ ಬೆಂಕಿಯ ಬೆಳಕಿನಲ್ಲಿ ಹಿಡಿಯುತ್ತದೆ. ದೈವದ ಮುಖವರ್ಣಿಕೆಯ ಹಳದಿ, ಜ್ವಾಲೆಯ ಕೆಂಪು, ಅವುಗಳ ಹಿಂದಿನ ಕಪ್ಪು, ಈ ಮೂರರ ನಡುವಿನ ಅಂತರದಲ್ಲಿಯೇ ಆ ದೃಶ್ಯಗಳ ಶಕ್ತಿಯೆಲ್ಲ ಅಡಗಿದೆ. ಕಪ್ಪು ಬೂದಿಬಣ್ಣವಾದರೆ ಆ ಶಕ್ತಿ ಕರಗುತ್ತದೆ. ನೆರಳಿನ ವಿವರಗಳು ಅಳಿಸಿಹೋದರೆ ಕಾಡೇ ಇಲ್ಲವಾಗುತ್ತದೆ. ಮನೆಯಲ್ಲಿ ಈ ಎರಡೂ ನಡೆಯುತ್ತಿರುತ್ತವೆ, ಮತ್ತು ನೋಡುವವರು ಚಿತ್ರವೇ ಹಾಗಿದೆ ಎಂದು ತಿಳಿಯುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಇದಕ್ಕೆ ಕಾಸು ಖರ್ಚಿಲ್ಲದೆ ಸರಿಪಡಿಸಬಹುದಾದ ಕಾರಣವೊಂದಿದೆ. ಕಂಪ್ಯೂಟರಿನ ಲೆಕ್ಕದಲ್ಲಿ ಕಪ್ಪು ಎಂದರೆ 0, ಬಿಳುಪು ಎಂದರೆ 255. ಆದರೆ ಟಿವಿ ಮತ್ತು ವಿಡಿಯೋ ಲೋಕದ ಸಂಪ್ರದಾಯದಂತೆ ಕಪ್ಪು 16ರಲ್ಲಿ ಆರಂಭವಾಗಿ ಬಿಳುಪು 235ರಲ್ಲಿ ಮುಗಿಯುತ್ತದೆ. ಕಂಪ್ಯೂಟರ್ ಮೊದಲನೆಯ ಲೆಕ್ಕದಲ್ಲಿ ಕಳುಹಿಸಿ ಟಿವಿ ಎರಡನೆಯ ಲೆಕ್ಕದಲ್ಲಿ ಓದಿದರೆ 16ಕ್ಕಿಂತ ಕೆಳಗಿನ ಎಲ್ಲ ನೆರಳುಗಳೂ ಒಂದೇ ಕಪ್ಪಾಗಿ ಮುಚ್ಚಿಹೋಗುತ್ತವೆ. ಇದು ತಿರುಗುಮುರುಗಾದರೆ ಕಪ್ಪೆಲ್ಲ ಬೂದಿಯಾಗುತ್ತದೆ. ಗ್ರಾಫಿಕ್ಸ್ ಚಾಲಕ ತಂತ್ರಾಂಶದಲ್ಲಿ ಫುಲ್ ಮತ್ತು ಲಿಮಿಟೆಡ್ ಎಂಬ ಆಯ್ಕೆಯೂ, ಟಿವಿಯಲ್ಲಿ ಎಚ್‌ಡಿಎಂಐ ರೇಂಜ್ ಅಥವಾ ಬ್ಲ್ಯಾಕ್ ಲೆವೆಲ್ ಎಂಬ ಆಯ್ಕೆಯೂ ಇರುತ್ತವೆ. ಎರಡೂ ಕಡೆ ಒಂದೇ ಲೆಕ್ಕವಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅನೇಕ ಮನೆಗಳಲ್ಲಿ ರಾತ್ರಿಯ ದೃಶ್ಯ ಕಾಣದಿರುವುದಕ್ಕೆ ಇದಕ್ಕಿಂತ ದೊಡ್ಡ ರಹಸ್ಯವೇನೂ ಇರುವುದಿಲ್ಲ.

ಅದಾದ ಮೇಲೂ ಕಪ್ಪು ಕಪ್ಪಾಗಿ ಕಾಣದಿದ್ದರೆ ಕಾರಣ ಪರದೆಯದೇ. ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವ ಐಪಿಎಸ್ ಎಂಬ ಬಗೆಯ ಮಾನಿಟರುಗಳಲ್ಲಿ ಬಿಳುಪು ಕಪ್ಪಿಗಿಂತ ಸುಮಾರು 1000 ಪಟ್ಟು ಪ್ರಕಾಶಮಾನ. ವಿಎ ಬಗೆಯ ಪರದೆಗಳಲ್ಲಿ ಈ ಅಂತರ ಸುಮಾರು 3000 ಪಟ್ಟು. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲೂ ತನ್ನ ಬೆಳಕನ್ನು ತಾನೇ ನಂದಿಸಿಕೊಳ್ಳುವುದರಿಂದ ಕಪ್ಪು ನಿಜವಾದ ಕಪ್ಪೇ ಆಗಿರುತ್ತದೆ. ಅಗಲ ತೆರೆಯ ಸಿನಿಮಾವನ್ನು ಈಗಿನ ಸಾಮಾನ್ಯ 16:9 ಆಕಾರದ ಪರದೆಯಲ್ಲಿ ನೋಡುವಾಗ ಮೇಲೆ ಕೆಳಗೆ ಉಳಿಯುವ ಕಪ್ಪು ಪಟ್ಟಿಗಳು ಪರದೆಯ ಸುಮಾರು ಕಾಲು ಭಾಗವನ್ನು ಆಕ್ರಮಿಸುತ್ತವೆ. ಅಗ್ಗದ ಪರದೆಯಲ್ಲಿ ಆ ಕಾಲು ಭಾಗವೂ ಮಂಕಾಗಿ ಹೊಳೆಯುತ್ತಿರುತ್ತದೆ. ಒಎಲ್‌ಇಡಿಗೆ ಹಣ ಹೊಂದದವರು ಆಟದ ಮಾನಿಟರುಗಳ ಜಾಹೀರಾತಿಗೆ ಮರುಳಾಗದೆ ಒಳ್ಳೆಯ ವಿಎ ಪರದೆಯನ್ನು ಆರಿಸಿಕೊಳ್ಳುವುದು ಲೇಸು. 4ಕೆ ಎಂಬ ಅಂಕಿಗೂ ಅತಿಯಾದ ಮಹತ್ವ ಬೇಡ. ಸಾಮಾನ್ಯ ಕಣ್ಣಿನ ಸೂಕ್ಷ್ಮತೆಯನ್ನು ಲೆಕ್ಕಕ್ಕೆ ಹಿಡಿದರೆ, 24 ಅಂಗುಲದ ಫುಲ್ ಎಚ್‌ಡಿ ಮಾನಿಟರಿನ ಪಿಕ್ಸೆಲುಗಳು ಸುಮಾರು ಮೂರು ಅಡಿ ದೂರದಿಂದಾಚೆ, 43 ಅಂಗುಲದ ಟಿವಿಯವು ಐದೂವರೆ ಅಡಿಯಾಚೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಎಂಟು ಅಡಿ ದೂರದ ಸೋಫಾದಲ್ಲಿ ಕೂತವರಿಗೆ 4ಕೆಗಿಂತ ಕಪ್ಪಿನ ಆಳವೇ ಹೆಚ್ಚು ಗೋಚರವಾಗುತ್ತದೆ.

ಚಲನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಸೆಕೆಂಡಿಗೆ 60 ಬಾರಿ ಹೊಸದಾಗುವ ಮಾನಿಟರಿನಲ್ಲಿ 24 ಫ್ರೇಮುಗಳನ್ನು ಸಮವಾಗಿ ಹಂಚಲು ಬರುವುದಿಲ್ಲ. ಒಂದು ಫ್ರೇಮ್ ಎರಡು ಬಾರಿ, ಮುಂದಿನದು ಮೂರು ಬಾರಿ ಹೀಗೆ ತೋರಿಸಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯಗಳಲ್ಲಿ ಕಾಣುವ ಸಣ್ಣ ಕುಲುಕಾಟಕ್ಕೆ ಇದೇ ಕಾರಣ. ನಿಮ್ಮ ಮಾನಿಟರಿಗೆ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಬಾರಿ ಹೊಸದಾಗುವುದು ಸಾಧ್ಯವಿದ್ದರೆ ಸಿನಿಮಾ ನೋಡುವಾಗ ಅದನ್ನೇ ಆರಿಸಿರಿ, ಪ್ರತಿ ಫ್ರೇಮಿಗೂ ಸರಿಯಾಗಿ ಐದು ಬಾರಿಯ ಪಾಲು ಸಿಗುತ್ತದೆ. ಟಿವಿಗಳಲ್ಲಿ ಇಲ್ಲದ ಫ್ರೇಮುಗಳನ್ನು ನಡುವೆ ತಾನೇ ಸೃಷ್ಟಿಸಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಮಾತ್ರ ದಯವಿಟ್ಟು ನಿಲ್ಲಿಸಿಡಿ. ಅದು ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. 2019ರಲ್ಲಿ ಪ್ರಕಟವಾದ ಫಿಲ್ಮ್‌ಮೇಕರ್ ಮೋಡ್ ನಿಮ್ಮ ಟಿವಿಯಲ್ಲಿದ್ದರೆ, ಅದೊಂದನ್ನು ಆರಿಸಿಕೊಂಡರೆ ಇಂಥ ಕೃತಕ ತಿದ್ದುಪಡಿಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ.

ಕೊನೆಗೆ ದನಿ. ಚಿತ್ರಮಂದಿರಕ್ಕಾಗಿ ಸಿದ್ಧವಾದ ಸಿನಿಮಾದ ಮಾತುಗಳು ಬಹುಪಾಲು ತೆರೆಯ ಹಿಂದಿನ ನಡು ಸ್ಪೀಕರಿನಿಂದ ಬರುತ್ತವೆ. ಸಾಮಾನ್ಯವಾಗಿ ಆರು ವಾಹಿನಿಗಳಲ್ಲಿ (ಚಾನೆಲುಗಳಲ್ಲಿ) ಇರುವ ಆ ಧ್ವನಿಯನ್ನು ಎರಡು ಸ್ಪೀಕರುಗಳಿಗೆ ಇಳಿಸುವಾಗ ಮಾತು, ಸಂಗೀತ, ಸ್ಫೋಟ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಅದರ ಮೇಲೆ, ಲ್ಯಾಪ್‌ಟಾಪಿನ ಹೊಟ್ಟೆಯ ಕೆಳಗೆ ನೆಲದತ್ತ ಮುಖಮಾಡಿದ ಸ್ಪೀಕರುಗಳಿಗೆ ಗಂಡು ದನಿಯ ತಳಸ್ವರವನ್ನು ಹೊರಡಿಸುವ ಶಕ್ತಿಯೇ ಇರುವುದಿಲ್ಲ. ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರ ನೂರಾರು ಜನರ ನಿಶ್ಶಬ್ದ ಸಭಾಂಗಣಕ್ಕೆ ಹೊಂದುವಂತೆ ಇರುತ್ತದೆಯೇ ಹೊರತು ಫ್ಯಾನ್ ತಿರುಗುತ್ತಿರುವ ಕೋಣೆಗಲ್ಲ. ವಿಎಲ್‌ಸಿ ಪ್ಲೇಯರಿನ ಆಡಿಯೋ ಎಫೆಕ್ಟ್ಸ್ ವಿಭಾಗದಲ್ಲಿರುವ ಕಂಪ್ರೆಸರ್ ಈ ಅಂತರವನ್ನು ಕುಗ್ಗಿಸುತ್ತದೆ. ಟಿವಿ ಸ್ಟಿಕ್ಕುಗಳಲ್ಲೂ ಟಿವಿಗಳಲ್ಲೂ ನೈಟ್ ಮೋಡ್ ಅಥವಾ ಡೈಲಾಗ್ ಎನ್ಹಾನ್ಸ್ ಎಂಬಂಥ ಹೆಸರಿನಲ್ಲಿ ಇದೇ ಸೌಲಭ್ಯ ಇರುತ್ತದೆ.

ಆದರೆ ನಿಜವಾದ ಪರಿಹಾರ ಒಂದು ಜೊತೆ ಒಳ್ಳೆಯ ಸಣ್ಣ ಸ್ಪೀಕರುಗಳು. ಆರು ಪೆಟ್ಟಿಗೆಗಳ ಅಗ್ಗದ ಹೋಂ ಥಿಯೇಟರಿಗಿಂತ ಅದೇ ಬೆಲೆಯ ಎರಡು ಪೆಟ್ಟಿಗೆಗಳು ಮಾತನ್ನು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವುಗಳನ್ನು ಮೇಜಿನ ಮೇಲೆ ಹಾಗೆಯೇ ಇಡದೆ ಕಿವಿಯ ಎತ್ತರಕ್ಕೆ ಏರಿಸಿ, ಎರಡರ ನಡುವಿನ ಅಂತರವೂ ಅವುಗಳಿಂದ ನಿಮ್ಮ ತಲೆಗಿರುವ ಅಂತರವೂ ಸರಿಸುಮಾರು ಒಂದೇ ಆಗುವಂತೆ ಇಟ್ಟರೆ ಮಾತು ಪರದೆಯ ನಟ್ಟನಡುವಿನಿಂದ ಬಂದಂತೆ ಕೇಳುತ್ತದೆ. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಸ್ಪೀಕರ್ ಹದಿನೈದು ವರ್ಷ ಬಾಳುತ್ತದೆ. ಈ ಕಾರಣಕ್ಕಾಗಿಯೂ ಹಣ ಅಲ್ಲಿಗೆ ಹೋಗಬೇಕೆನ್ನುತ್ತೇನೆ. ರಾತ್ರಿ ಹೊತ್ತು ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುವವರಿಗೆ ತುಟಿಯ ಚಲನೆಗೂ ಮಾತಿಗೂ ಕೊಂಚ ಅಂತರ ಕಾಣಿಸಿದರೆ ಗಾಬರಿ ಬೇಡ. ದನಿ ಕುಗ್ಗಿ ರೇಡಿಯೋ ಅಲೆಯಾಗಿ ಸಾಗಿ ಹೆಡ್‌ಫೋನಿನಲ್ಲಿ ಮತ್ತೆ ಬಿಡಿಸಿಕೊಳ್ಳಲು ತಗಲುವ ಸಮಯ ಅದು. ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳನ್ನು ಒತ್ತಿದರೆ ದನಿ ಪ್ರತಿ ಬಾರಿ 50 ಮಿಲಿಸೆಕೆಂಡಿನಷ್ಟು ಹಿಂದಕ್ಕೆ ಅಥವಾ ಮುಂದಕ್ಕೆ ಸರಿಯುತ್ತದೆ; ನಾಲ್ಕೈದು ಬಾರಿ ಒತ್ತುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ಕೂಡುತ್ತದೆ.

ನಮಸ್ಕಾರ.