ಘಾಟಿ ಇಳಿಯುವ ಹಳೇ ಕಾರಿನ ಮುಂದಿನ ಕಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮೇ ತಿಂಗಳು ಬಂತು ಅಂದರೆ ನಮ್ಮ ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ಒಂದು ಮಾತು ದಿನಾ ಕೇಳಿಸುತ್ತದೆ. "ಅಣ್ಣಾ, ಮುಂದೆ ಏನೋ ಕಟಕಟ ಅಂತಿದೆ. ಮಳೆ ಹಿಡಿಯೋದ್ರೊಳಗೆ ಒಂಚೂರು ನೋಡಿಬಿಡಿ." ಬಂದ ಗಾಡಿ ಕೆಎ 18 ನಂಬರಿನ ಹಳೇ ಆಲ್ಟೊ ಇರಬಹುದು, ಝೆನ್ ಇರಬಹುದು, ಸ್ಯಾಂಟ್ರೊ ಇರಬಹುದು. 15 ವರ್ಷ ದಾಟಿ, ಮತ್ತೆ 5 ವರ್ಷಕ್ಕೆ ನೋಂದಣಿ ಮಾಡಿಸಿಕೊಂಡ ಗಾಡಿಗಳು. ಎಂಜಿನ್ ಇನ್ನೂ ಗಟ್ಟಿ. ಮನೆಯವರಿಗೆ ಮಾರೋಕೆ ಮನಸ್ಸಿಲ್ಲ. ಮಾರಬೇಡಿ ಅಂತಲೇ ನಾನೂ ಹೇಳುತ್ತೇನೆ. ಆದರೆ ಅದೇ ಗಾಡಿಯಲ್ಲಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು ನೀವಾದರೆ, ಸದ್ದು ಬಂದ ಒಂದು ಭಾಗ ಬದಲಾಯಿಸಿ ಸುಮ್ನೆ ಇರಬೇಡಿ.

ಯಾಕೆ ಅಂತ ಹೇಳುತ್ತೇನೆ. ಹಳೇ ಕಾರಿನಲ್ಲಿ ಕಬ್ಬಿಣಕ್ಕಿಂತ ಮೊದಲು ವಯಸ್ಸಾಗುವುದು ರಬ್ಬರಿಗೆ. ನಮ್ಮ ಸಣ್ಣ ಕಾರುಗಳ ಮುಂದಿನ ಚಕ್ರ ನಿಂತಿರುವುದು ಒಂದು ಕಾಲಿನ ಮೇಲೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಆ ಒಂದೇ ಕಾಲಿನಲ್ಲಿವೆ. ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್ ಅನ್ನುವ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಜೋಡಣೆ ಇದು. ಆ ಕಾಲಿನ ತಲೆ ಬಾನೆಟ್ಟಿನ ಕೆಳಗೆ ಒಂದು ರಬ್ಬರ್ ಮೌಂಟಿಗೆ ಕೂತಿರುತ್ತದೆ. ಕೆಳಗಡೆ ಲೋಯರ್ ಆರ್ಮ್, ಅಂದರೆ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ತೋಳು. ಅದರ ಒಂದು ತುದಿಗೆ ರಬ್ಬರ್ ಬುಷ್, ಚಕ್ರದ ಕಡೆಯ ತುದಿಗೆ ಬಾಲ್ ಜಾಯಿಂಟ್ ಅನ್ನುವ ಗುಂಡಿನ ಕೀಲು. ಬಾಲ್ ಜಾಯಿಂಟಿಗೂ ಒಂದು ರಬ್ಬರ್ ಟೋಪಿ ಇದೆ. ಆ ಟೋಪಿ ಹರಿದರೆ ತೋಟದ ರಸ್ತೆಯ ಕೆಸರು ನೀರು ಒಳಗೆ ಹೋಗುತ್ತದೆ. ಗ್ರೀಸ್ ತೊಳೆದು ಹೋಗುತ್ತದೆ. ಆಮೇಲೆ ಬಾಲ್ ಜಾಯಿಂಟ್ ಜಾಸ್ತಿ ದಿನ ಬಾಳುವುದಿಲ್ಲ. ಓಡುವಾಗ ಅದು ಕಳಚಿಕೊಂಡರೆ ಚಕ್ರ ಹೊರಗಡೆ ಮಲಗಿಬಿಡುತ್ತದೆ. ಅಂಥ ಗಾಡಿಯನ್ನು ಎಳೆದು ತಂದಾಗ ನೋಡುವುದಕ್ಕೇ ಎದೆ ಝಲ್ಲೆನ್ನುತ್ತದೆ.

ಕಂಡುಹಿಡಿಯುವುದು ಕಷ್ಟವಲ್ಲ. ಸಮತಟ್ಟು ಜಾಗದಲ್ಲಿ ಜಾಕ್ ಕೊಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ ಅಲುಗಾಟ, ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್ ಮೇಲೆ ಅನುಮಾನ. ಎಡ ಬಲ ಹಿಡಿದಾಗ ಆಟ ಸಿಕ್ಕರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ನೋಡಬೇಕು. ಹಂಪಿನ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಅಂದರೆ ಹೆಚ್ಚಾಗಿ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಕಂಬಿಯ ಕೊಂಡಿ, ಅಂದರೆ ಲಿಂಕ್ ರಾಡ್, ಇಲ್ಲವೇ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಿರ್ ಅಂದರೆ ಮೇಲಿನ ಮೌಂಟಿನ ಬೇರಿಂಗ್ ಇರಬಹುದು. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಅದರ ಕತೆ ಮುಗಿದಿದೆ.

"ಎಡಗಡೆದು ಮಾತ್ರ ಹಾಕಿ, ಬಲಗಡೆ ಚೆನ್ನಾಗಿದೆ" ಅನ್ನುವವರು ಬಹಳ ಜನ. ಲಿಂಕ್ ರಾಡ್ ಆದರೆ ಒಂದೇ ಹಾಕಿದರೂ ನಡೆಯುತ್ತದೆ. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್, ಬ್ರೇಕ್ ಡಿಸ್ಕ್, ಪ್ಯಾಡ್, ಇವನ್ನು ಎರಡೂ ಕಡೆ ಒಟ್ಟಿಗೇ ಹಾಕಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಇದ್ದರೆ, ಒದ್ದೆ ತಿರುವಿನಲ್ಲಿ ಬ್ರೇಕ್ ತುಳಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ಈಗ ಬ್ರೇಕಿಗೆ ಬರೋಣ. ಬ್ರೇಕ್ ತುಳಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಗಾಡಿ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಎರಡು ಡಿಸ್ಕುಗಳದ್ದೇ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದಾಗ ಎರಡೂ ಪ್ಯಾಡುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಲು ಹೇಳಿ. ಕೆಲವೊಮ್ಮೆ ಹೊರಗಿನ ಪ್ಯಾಡು ಬೆರಳಿನಷ್ಟು ದಪ್ಪ ಇರುತ್ತದೆ. ಒಳಗಿನದು ತಗಡಿನವರೆಗೆ ಸವೆದಿರುತ್ತದೆ. ಹೀಗಿದ್ದರೆ ಹೊಸ ಪ್ಯಾಡು ಹಾಕಿದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದು ಕೂತಿದೆ ಅಂತ ಅರ್ಥ. ಅದನ್ನು ಎಳೆದು, ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿ, ಕೈಯಲ್ಲೇ ಸಲೀಸಾಗಿ ಜಾರುವ ಹಾಗೆ ಮಾಡಬೇಕು. ಪಿನ್ನಿನ ರಬ್ಬರ್ ಹರಿದಿದ್ದರೆ ಅದನ್ನೂ ಹಾಕಬೇಕು. ನಮ್ಮ ಮಲೆನಾಡಿನ ಮಳೆಯಲ್ಲಿ ಈ ಪಿನ್ನು ಹಿಡಿದುಕೊಳ್ಳುವುದು ತೀರಾ ಸಾಮಾನ್ಯ. ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸಿ. ಡಿಸ್ಕ್ ಎಷ್ಟು ಸವೆಯಬಹುದು ಅನ್ನುವ ಅಳತೆ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ಬ್ರೇಕ್ ಆಯಿಲ್. ಡಬ್ಬಿಯಲ್ಲಿ ಮಟ್ಟ ಸರಿ ಇದೆಯಲ್ಲ, ಸಾಕು ಅಂದುಕೊಳ್ಳುತ್ತಾರೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಅಂತ ದರ್ಜೆ ಬರೆದಿರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಎಳೆದ ಮೇಲೆ ಅದು 140ರ ಹತ್ತಿರಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಕೊಟ್ಟಿಗೆಹಾರ ಬಿಟ್ಟು ಚಾರ್ಮಾಡಿಯ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ಕೆಂಡದಂತೆ ಕಾಯುತ್ತದೆ. ಒಳಗೆ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಅದುಮಿಕೊಳ್ಳುತ್ತದೆ, ಆಯಿಲ್ ಅದುಮಿಕೊಳ್ಳುವುದಿಲ್ಲ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ಪೂರ್ತಿ ತೆಗೆಸಿ, ಹೊಸದು ತುಂಬಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಸಿ. ಘಾಟಿಯಲ್ಲಿ ಎರಡನೇ, ಮೂರನೇ ಗೇರಿನಲ್ಲೇ ಇಳಿಯಿರಿ. ದುಡ್ಡು ಕಡಿಮೆ ಇದ್ದು ಒಂದೇ ಕೆಲಸ ಮಾಡಿಸಲು ಆಗುವುದು ಅಂದರೆ, ಕಟಕಟ ಸದ್ದನ್ನು ಸ್ವಲ್ಪ ದಿನ ಸಹಿಸಿಕೊಂಡು ಬ್ರೇಕ್ ಮಾಡಿಸಿ ಅನ್ನುತ್ತೇನೆ. ಬಾಲ್ ಜಾಯಿಂಟ್ ಆಟ ಕೊಟ್ಟಿದ್ದರೆ ಮಾತ್ರ ಅದನ್ನೂ ತಡ ಮಾಡುವ ಹಾಗಿಲ್ಲ.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ, ತಪ್ಪಿಲ್ಲ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿನಲ್ಲಿ ಜೋತು ಬಿಡಬಾರದು, ತಂತಿಯಲ್ಲಿ ಕಟ್ಟಬೇಕು. ಸ್ಪ್ರಿಂಗ್ ಬಿಚ್ಚಲು ಅದನ್ನು ಅದುಮುವ ಸರಿಯಾದ ಕ್ಲ್ಯಾಂಪ್ ಬೇಕೇ ಬೇಕು. ಹಗ್ಗ ಕಟ್ಟಿ ಬಿಚ್ಚುವ ಸಾಹಸ ಮನೆಯಲ್ಲಿ ಮಾಡಬೇಡಿ, ಆ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ನಟ್ಟು ಸಡಿಲವಾಗದಂತೆ ತಡೆಯುವ ಹಳೇ ಸ್ಪ್ಲಿಟ್ ಪಿನ್ ಮತ್ತೆ ಬಳಸಬಾರದು. ಇನ್ನೊಂದು ವಿಷಯ, ಒಳ್ಳೇ ಮೇಸ್ತ್ರಿಗಳೂ ಅವಸರದಲ್ಲಿ ಬಿಡುವುದು: ಲೋಯರ್ ಆರ್ಮ್ ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಗಾಡಿಯ ಭಾರ ಚಕ್ರದ ಮೇಲಿರಬೇಕು. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ, ಗಾಡಿ ಕೆಳಗಿಳಿದ ಮೇಲೆ ಬುಷ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಹೊಸ ರಬ್ಬರ್ ಬೇಗ ಹರಿಯುತ್ತದೆ.

ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಗಾಡಿ ಹೊರಡಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು 200, 300 ಕಿಲೋಮೀಟರ್ ಬೇಕಾಗುತ್ತದೆ. ಅಷ್ಟು ದೂರ ಕಡೂರು, ಬೇಲೂರು ಕಡೆಯ ಬಯಲು ರಸ್ತೆಯಲ್ಲಿ ನಯವಾಗಿ ಬ್ರೇಕ್ ಹಿಡಿಯುತ್ತಾ ಓಡಿಸಿ. ಆಮೇಲೆ ನಿಮ್ಮ ಗ್ಯಾರೇಜಿಗೆ ಇನ್ನೊಂದು ಸಲ ಹೋಗಿ, ಮುಂದಿನ ನಟ್ಟು ಬೋಲ್ಟುಗಳನ್ನು ಒಮ್ಮೆ ನೋಡಿಸಿಕೊಂಡು ಘಾಟಿಗೆ ಇಳಿಯಿರಿ.

ನಮಸ್ಕಾರ.