ಕೋಳಿಗೂಡಿಗೆ ಕಾಲು ಬೇಕೇ?

ಕೇಳುಗರಿಗೆ ನಮಸ್ಕಾರ. ಹಿತ್ತಲಲ್ಲಿ ಎಂಟು ಹತ್ತು ಕೋಳಿ ಸಾಕಿರುವ ಅವ್ವಂದಿರು, ಅಕ್ಕಂದಿರು ಶಿವರಾತ್ರಿ ಮುಗಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಗೂಡನ್ನು ನೆಲದಿಂದ ಎತ್ತರಿಸಿದರೆ ತಂಪಾಗುತ್ತದೆಯೇ? ಮೊದಲೇ ಹೇಳಿಬಿಡುತ್ತೇನೆ. ಝಳ ಇಳಿಯುವುದು ಮೇಲಿಂದ. ಛಾವಣಿ ಮೊದಲು, ಕಾಲು ಆಮೇಲೆ.

ಜೇವರ್ಗಿ ಕಡೆಯ ಒಂದು ಮನೆಯ ಸಂಗತಿ ಕೇಳ್ರಿ. ನಾಲ್ಕು ಕಬ್ಬಿಣದ ಆಂಗಲ್ ನೆಟ್ಟು 4 ಅಡಿ ಎತ್ತರಕ್ಕೆ ಗೂಡು ಕೂರಿಸಿದರು. ಮೇಲೆ ಪತ್ರಾ, ಅಂದರೆ ತಗಡಿನ ಹಾಳೆ, ಮೂರು ಬದಿಗೂ ಪತ್ರಾ, ಬಾಗಿಲಿಗೆ ಮಾತ್ರ ಅಂಗೈ ಅಗಲದ ತಂತಿ ಜಾಲಿ. ಮೇ ತಿಂಗಳ ಸಂಜೆ ಪಡುವಣ ಪತ್ರಾ ಮುಟ್ಟಿದರೆ ಒಲೆ ಮೇಲಿನ ರೊಟ್ಟಿ ಹಂಚು! ಕೋಳಿಗಳು ಏಣಿ ಹತ್ತಲೇ ಇಲ್ಲ. ಗೂಡಿನ ಕೆಳಗಿನ ನೆರಳಲ್ಲಿ ಮಣ್ಣು ಕೆದರಿ, ತಗ್ಗು ಮಾಡಿಕೊಂಡು ಮಲಗಿದವು. ಮನೆಯವರು ಐದಕ್ಕೇ ಹಿಡಿದು ಒಳಗೆ ತುಂಬಿ ಅಗಳಿ ಹಾಕಿದರು. ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಟ್ಟು ಎರಡು ಸತ್ತವು. ಕೋಳಿಗೆ ಬೆವರಿಲ್ಲ, ಅದರ ಮೈ ಕಾವೇ 41 ಡಿಗ್ರಿ. ಗಾಳಿ ಆಡದಿದ್ದರೆ ಆ ಕಾವು ಹೋಗುವುದೆಲ್ಲಿಗೆ? ಕೊನೆಗೆ ತೆಂಕಣ, ಬಡಗಣ ಬದಿಯ ಪತ್ರಾ ಬಿಚ್ಚಿ ಅರ್ಧ ಇಂಚಿನ ಜಾಲಿ ಹೊಡೆದರು. ಮೇಲೆ ತೊಗರಿ ಕಟ್ಟಿಗೆ ಅಡ್ಡ ಇಟ್ಟು, ನಾಲ್ಕು ಬೆರಳು ಸಂದು ಬಿಟ್ಟು, ಅರ್ಧ ಅಡಿ ದಪ್ಪ ಜೋಳದ ಕಣಿಕೆ ಹೊದಿಸಿದರು. ಕಾಲು ಅಷ್ಟೇ ಎತ್ತರ ಇತ್ತು ನೋಡ್ರಿ, ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆ ಇಲ್ಲ. ವಾರದೊಳಗೆ ಕತ್ತಲಾಗುತ್ತಲೇ ಅವೇ ಏಣಿ ಹತ್ತತೊಡಗಿದವು.

ಹಾಗಾದರೆ ಕಾಲು ಯಾತಕ್ಕೆ? ಮಿರಗದ ಮಳೆಗೆ, ಅಂದರೆ ಮುಂಗಾರಿಗೆ. ಕಲಬುರಗಿ, ಯಾದಗಿರಿಯ ಎರೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಹಿಕ್ಕೆಯಿಂದ ಕಣ್ಣು ಉರಿಯುವ ಅಮೋನಿಯಾ ಏಳುತ್ತದೆ, ಮರಿಗಳಿಗೆ ರಕ್ತಭೇದಿ ಹತ್ತುತ್ತದೆ. ಅಂಥ ಹಿತ್ತಲಿಗೆ 2 ರಿಂದ 2.5 ಅಡಿ ಎತ್ತರ ಸಾಕು, ಕೆಳಗೆ ಕಸಬರಿಗೆ ಆಡಬೇಕು ಅಷ್ಟೇ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲದಿದ್ದರೆ ಅರ್ಧ ಅಡಿ ಕಲ್ಲಿನ ಕಟ್ಟೆ, ಮೇಲೆ ಒಣ ಹೊಟ್ಟು. ಖರ್ಚು ಉಳಿಯಿತು.

ಎತ್ತರಿಸುವುದೇ ಆದರೆ ಹತ್ತು ಕೋಳಿಗೆ 4 ಅಡಿ ಉದ್ದ, 3 ಅಡಿ ಅಗಲ. ಉದ್ದ ಮೂಡಣ-ಪಡುವಣಕ್ಕಿರಲಿ. ತಳಕ್ಕೆ ಒಂದೂವರೆ ಇಂಚಿನ ಕಟ್ಟಿಗೆ ಪಟ್ಟಿ, ನಡುವೆ 1 ಇಂಚು ಸಂದು. ಸಂದು ಹೆಚ್ಚಾದರೆ ಕೋಳಿಯ ಕಾಲು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಹಿಕ್ಕೆ ಅಲ್ಲೇ ಗಟ್ಟಿಯಾಗುತ್ತದೆ. ಬರೀ ಜಾಲಿಯ ತಳ ಮಾತ್ರ ಬೇಡವೇ ಬೇಡ, ಅಂಗಾಲು ಹುಣ್ಣಾಗುತ್ತದೆ. ಗಿರಿರಾಜ ತಳಿ ಸಾಕಿದವರು ಏಣಿ ಬದಲು ಇಳಿಜಾರು ಹಲಗೆ ಇಡಿ, ಭಾರದ ಕೋಳಿ ಧುಮುಕಿದರೆ ಪಾದ ಬಾಯುತ್ತದೆ.

ಪಡುವಣ ಬದಿಗೆ ಒದ್ದೆ ಗೋಣಿ ತಟ್ಟು ಇಳಿಬಿಡಿ. ಒಣ ಬಿಸಿಲಿಗೆ ಅದು ಚೆನ್ನ, ಮಳೆಗಾಲಕ್ಕೆ ತೆಗೆದುಬಿಡಿ. ಕಾಳು ಹಾಕುವುದು ನಸುಕಿನಲ್ಲಿ, ಸಂಜೆ; ಮಧ್ಯಾಹ್ನ ಬೇಡ. ಇಲಿ ಹತ್ತದಂತೆ ಗೂಡಿನ ಕಾಲಿಗೆ ತಗಡಿನ ಕೊರಳಪಟ್ಟಿ. ಕಣಿಕೆಗೆ ಗೆದ್ದಲು ಬಂದೀತು, ವರ್ಷಕ್ಕೊಮ್ಮೆ ಬದಲಿಸಿ. ನಮಸ್ಕಾರ.