ಹಿಮ್ಮಡಕ್ಕ ಜಿಡ್ಡು ಬೇಕು, ಬೆರಳ ಸಂದಿ ಒಣಗಿರಬೇಕು: ನಮ್ಮ ಸೀಮಿಯ ಕಾಲಿನ ಆರೈಕಿ

(ದೃಶ್ಯ: ಸಿಂಧನೂರು ಕಡೆಯ ಗದ್ದಿ, ನಾಟಿ ಹಚ್ಚೋ ಹೆಣ್ಮಕ್ಕಳ ಕಾಲು. ಆಮ್ಯಾಲ ಒಡೆದ ಒಂದು ಹಿಮ್ಮಡ, ಪೂರ್ತಿ ಹತ್ತಿರದಿಂದ.)

ನಮಸ್ಕಾರ್ರಿ. ಇವತ್ತು ಕಾಲಿನ ಬಗ್ಗೆ ಮಾತಾಡೋಣ. ಮೊದ್ಲ ಒಂದು ಮಾತು ತಲಿಯಾಗ ಇಟ್ಕೊಳ್ರಿ: ಪಾದ ಒಂದೇ ಆದ್ರೂ ಎರಡು ಜಾಗಕ್ಕ ಎರಡು ಥರದ ಆರೈಕಿ ಬೇಕು. ಹಿಮ್ಮಡಕ್ಕ ಜಿಡ್ಡು ಬೇಕು, ಬೆರಳ ಸಂದಿ ಒಣಗಿರಬೇಕು. ಬಹಳ ಮಂದಿ ಇದನ್ನ ತಿರುಗಾಮುರುಗಾ ಮಾಡ್ತಾರ. ಎಣ್ಣಿ ತಗೊಂಡು ಬೆರಳ ಸಂದಿಗೆಲ್ಲ ತಿಕ್ತಾರ, ಹಿಮ್ಮಡನ್ನ ಮಾತ್ರ ಬಚ್ಚಲ ಕಲ್ಲಿಗೆ ಗಸಗಸ ಉಜ್ಜಿ ಹಂಗ ಬಿಡ್ತಾರ.

ಅಂಗಾಲಿನ ಚರ್ಮದಾಗ ಬೆವರು ಗ್ರಂಥಿ ಬೇಕಾದಷ್ಟು ಅದಾವ, ಆದ್ರ ಜಿಡ್ಡು ಬಿಡೋ ಗ್ರಂಥಿ ಒಂದೂ ಇಲ್ಲ. ರಾಯಚೂರಾಗ ಬಿಸಿಲು 40 ಡಿಗ್ರಿ ದಾಟಿದಾಗಾಗ್ಲಿ, ಚಳಿಗಾಲದ ಒಣಗಾಳಿಗಾಗ್ಲಿ ಹಿಮ್ಮಡ ಲಗೂನ ಒಣಗ್ತದ. ಒಣಗಿದ್ದು ದಪ್ಪಾಗ್ತದ, ಗಟ್ಟಿಯಾಗ್ತದ. ನಾವು ಕಾಲೂರಿದಾಗ ಹಿಮ್ಮಡದೊಳಗಿನ ಕೊಬ್ಬು ಭಾರಕ್ಕ ಅಗಲಾಗ್ತದ. ಮ್ಯಾಲಿನ ಗಟ್ಟಿ ಚರ್ಮ ಅದರ ಸಂಗಡ ಹಿಗ್ಗೂದಿಲ್ಲ, ಅಂಚಿನ್ಯಾಗ ಸೀಳ್ತದ. ಹಿಂದ ಪಟ್ಟಿ ಇಲ್ಲದ ಹವಾಯಿ ಚಪ್ಪಲಿ ಹಾಕಿದ್ರ ಹಿಮ್ಮಡಕ್ಕ ಆಸರಿ ಇರೂದಿಲ್ಲ, ಸೀಳು ಇನ್ನೂ ಅಗಲಾಗ್ತದ.

(ದೃಶ್ಯ: ಬುಟ್ಟಿಯೊಳಗ ಕಾಲು. ಪಕ್ಕದಾಗ ಟವೆಲ್, ಕಾಲು ತಿಕ್ಕೋ ಕಲ್ಲು, ಪೆಟ್ರೋಲಿಯಂ ಜೆಲ್ಲಿ ಡಬ್ಬಿ, ಹತ್ತಿ ಸಾಕ್ಸ್.)

ರಾತ್ರಿ ಮಲಗೋ ಮುಂದ ಉಗುರುಬೆಚ್ಚಗಿನ ನೀರಾಗ ಹತ್ತು ನಿಮಿಷ ಕಾಲಿಡ್ರಿ. ಸುಡೋ ನೀರು ಬ್ಯಾಡ, ಅದು ಇದ್ದ ಜಿಡ್ಡನ್ನೂ ತೊಳದು ಬಿಡ್ತದ. ಚರ್ಮ ಮೆತ್ತಗಾದ ಮ್ಯಾಲ ಕಲ್ಲಿನಿಂದ ಒಂದೇ ದಿಕ್ಕಿಗೆ ಹಗೂರಕ ತಿಕ್ಕ್ರಿ, ವಾರಕ್ಕ ಎರಡು ಸಲ ಸಾಕು. ಒಣಗಿದ್ದಾಗ ಜೋರಾಗಿ ಉಜ್ಜಿದ್ರ ಆ ಜಾಗ ತನ್ನನ್ನ ಕಾಪಾಡ್ಕೊಳ್ಳಾಕ ಮತ್ತಷ್ಟು ದಪ್ಪಾಗ್ತದ. ಬ್ಲೇಡಿನಿಂದ ಹೆರೆಯೂದು ಯಾವತ್ತೂ ಬ್ಯಾಡ.

ನೀರು ಒತ್ತಿ ಒರೆಸಿ, ಪಸಿ ಆರೋದ್ರೊಳಗ ಎರಡು ಮೂರು ನಿಮಿಷದಾಗ ಜೆಲ್ಲಿ ಹಚ್ಚ್ರಿ. ಮದ್ದಿನ ಅಂಗಡ್ಯಾಗ ಯೂರಿಯಾ 10 ರಿಂದ 20 ಪರ್ಸೆಂಟ್ ಇರೋ ಕ್ರೀಮು ಸಿಗ್ತದ, ದಪ್ಪ ಹಿಮ್ಮಡಕ್ಕ ಅದು ಇನ್ನೂ ಒಳ್ಳೇದು. ಕೊಬ್ಬರಿ ಎಣ್ಣಿನೂ ನಡೀತದ, ಆದ್ರ ಹಾಸಿಗಿಗೆ ಹತ್ತಿ ಬೆಳಿಗ್ಗೆ ಅನ್ನೋದ್ರಾಗ ಏನೂ ಉಳಿದಿರೂದಿಲ್ಲ, ಅದಕ್ಕ ಮ್ಯಾಲ ಹತ್ತಿ ಸಾಕ್ಸ್ ಹಾಕ್ಕೊಂಡು ಮಲಗ್ರಿ. ದಿನಾ ಮಾಡಿದ್ರ ಎರಡು ವಾರದಾಗ ಫರಕು ಕಾಣ್ತದ. ಒಡಕಿನ್ಯಾಗ ರಕ್ತ ಬರ್ತಿದ್ರ ಕಲ್ಲು ಮುಟ್ಟಬ್ಯಾಡ್ರಿ, ಜೆಲ್ಲಿ ಅಷ್ಟ ಹಚ್ಚ್ರಿ.

ಈಗ ಬೆರಳ ಸಂದಿ. ತುಂಗಭದ್ರಾ ಎಡದಂಡಿ ಕಾಲುವಿ ನೀರು ಹರಿಯೋ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನಾಟಿ ಅಂದ್ರ ಇಡೀ ದಿನ ಕೆಸರಾಗ ನಿಲ್ಲೋದು. ಕಿರುಬೆರಳು ಮತ್ತ ಅದರ ಪಕ್ಕದ ಬೆರಳಿನ ನಡುವಿನ ಸಂದಿ ಬಹಳ ಇಕ್ಕಟ್ಟು, ಗಾಳಿ ಆಡೂದಿಲ್ಲ. ಚರ್ಮ ನೆನದು ಬೆಳ್ಳಗಾಗ್ತದ, ಸಿಪ್ಪಿ ಏಳ್ತದ, ತಿನಸು ಸುರು ಆಗ್ತದ. ಅದು ಫಂಗಸ್. ಇಲ್ಲಿ ಎಣ್ಣಿ ಹಚ್ಚಿದ್ರ ಪಸಿ ಒಳಗ ಉಳೀತದ, ಹುಣ್ಣು ಜಾಸ್ತಿ ಆಗ್ತದ.

(ದೃಶ್ಯ: ಹಳೇ ಹತ್ತಿ ಸೀರಿ ತುಂಡನ್ನ ಒಂದೊಂದು ಸಂದಿಯೊಳಗೂ ತೂರಿಸಿ ಎಳೆಯೋದು. ಎರಡೂ ಕಾಲು, ಎಂಟು ಸಂದಿ.)

ಗದ್ದಿಯಿಂದ ಬಂದ ಕೂಡ್ಲೇ ಸೋಪು ಹಚ್ಚಿ ತೊಳದು, ಹಿಂಗ ಎಂಟೂ ಸಂದಿ ಒರಸ್ರಿ. ಫಂಗಸ್ ಆಗಿದ್ರ ಕ್ಲೋಟ್ರಿಮಜೋಲ್ 1 ಪರ್ಸೆಂಟ್ ಕ್ರೀಮು, ದಿನಕ್ಕ ಎರಡು ಸಲ, ನಾಲ್ಕು ವಾರ. ತಿನಸು ನಿಂತ ಮೂರನೇ ದಿನಕ್ಕ ಬಿಟ್ರ ಅದು ಹೊಳ್ಳಿ ಬರ್ತದ. ಇನ್ನೊಂದು, ಇದನ್ನ ಗಟ್ಟಿ ನೆನಪಿಡ್ರಿ: ಟ್ಯೂಬಿನ ಮ್ಯಾಲ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಅಂತ ಹೆಸರಿದ್ರ ಅದು ಸ್ಟಿರಾಯ್ಡ್ ಕೂಡಿಸಿದ ಮುಲಾಮು. ಎರಡು ದಿನದಾಗ ಆರಾಮ ಅನ್ನಿಸ್ತದ, ಫಂಗಸ್ ಮಾತ್ರ ಒಳಗಿಂದೊಳಗ ಹಬ್ಬತಿರ್ತದ. ಡಾಕ್ಟರ್ ಬರದು ಕೊಡದ ಅದನ್ನ ತರಬ್ಯಾಡ್ರಿ.

ಉಗುರನ್ನ ನೆಟ್ಟಗ ಅಡ್ಡಕ ಕತ್ತರಸ್ರಿ. ಮೂಲಿ ಒಳಗ ಹೋಗಿ ದುಂಡಗ ಕತ್ತರಿಸಿದ್ರ ಉಗುರು ಮಾಂಸದಾಗ ಬೆಳೀತದ. ಚಪ್ಪಲಿ, ಬೂಟು ಸಂಜಿ ಮುಂದ ಕೊಳ್ರಿ, ಆಗ ಕಾಲು ಸ್ವಲ್ಪ ಬಾತಿರ್ತದ. ನಿಂತಾಗ ಉದ್ದನ ಬೆರಳಿನ ಮುಂದ ಒಂದು ಸೆಂಟಿಮೀಟರ್ ಜಾಗ ಇರಬೇಕು.

ಮುಳ್ಳಿನ ಮಾತು ಬಿಟ್ರ ನಮ್ಮ ಕಡಿ ಕಾಲಿನ ಮಾತು ಮುಗಿಯೂದಿಲ್ಲ. ಬಳ್ಳಾರಿ ಜಾಲಿ ಮುಳ್ಳು ಹವಾಯಿ ಚಪ್ಪಲಿ ದಾಟಿ ಸೀದಾ ಅಂಗಾಲಿಗೆ ಚುಚ್ಚತದ. ತುದಿ ಹೊರಗ ಕಾಣ್ತಿದ್ರ ಸೋಪಿನಿಂದ ತೊಳದು ಚಿಮಟದಿಂದ, ಹೊಕ್ಕ ದಿಕ್ಕಿಗೆ ಎದುರಾಗಿ ಎಳೀರಿ. ಒಳಗ ಮುರಿದಿದ್ರ ಪಿನ್ನು ಹಾಕಿ ಕೆದರಬ್ಯಾಡ್ರಿ, ಅದು ಮತ್ತಷ್ಟು ಆಳಕ್ಕ ಹೋಗ್ತದ, ಕೀವು ತುಂಬ್ತದ. ದವಾಖಾನಿಗೆ ಹೋಗ್ರಿ. ಟಿಟಿ ಸೂಜಿ ಆಗಿ ಐದು ವರ್ಷ ದಾಟಿದ್ರ ಅದನ್ನೂ ಹಾಕಿಸ್ಕೊಳ್ರಿ. ಈಗ ಅದನ್ನ ಟಿಡಿ ಅಂತ ಕೊಡ್ತಾರ.

ಶುಗರ್ ಇದ್ದವರು ಇಲ್ಲಿಂದ ಜ್ವಾಕಿಯಿಂದ ಕೇಳ್ರಿ. ಶುಗರ್ ನರಕ್ಕ ಹೊಡತ ಕೊಟ್ಟಾಗ ಕಾಲು ಜೋಮು ಹಿಡೀತದ, ಮುಳ್ಳು ಚುಚ್ಚಿದ್ದೂ ಗೊತ್ತಾಗೂದಿಲ್ಲ. ಮನ್ಯಾಗ ಒಂದು ಪರೀಕ್ಷಾ ಮಾಡ್ರಿ.

(ದೃಶ್ಯ: ಕಟ್ಟಿ ಮ್ಯಾಲ ಅತ್ತಿ ಕಾಲು ಚಾಚಿ ಕೂತಾಳ, ಸೊಸಿ ಪಕ್ಕದಾಗ.)

ಸೊಸಿ: ಅತ್ತಿ, ಕಣ್ಣು ಮುಚ್ಕೊಳ್ರಿ. ಮುಟ್ಟಿದ್ದು ಗೊತ್ತಾದ್ರ ಬಲಾನೋ ಎಡಾನೋ ಹೇಳ್ರಿ.
ಅತ್ತಿ: ಬಲ... ಮತ್ತ ಬಲ... ಮುಟ್ಟವಾ, ಯಾಕ ಸುಮ್ನಾದಿ?
ಸೊಸಿ: ಮುಟ್ಟೀನ್ರಿ ಅತ್ತಿ.

ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗೆ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗೂರಕ ಮುಟ್ಟಬೇಕು, ಒತ್ತಬಾರದು. ಎರಡೂ ಕಾಲು ಸೇರಿ ಆರು ಬೆರಳಿನ್ಯಾಗ ಎರಡೋ ಹೆಚ್ಚೋ ಗೊತ್ತಾಗ್ಲಿಲ್ಲ ಅಂದ್ರ ಕಾಲು ಅಪಾಯದಾಗ ಅದ, ಡಾಕ್ಟರ್ ಕಡಿ ತೋರಿಸ್ರಿ. ಇಂಥವರು ನೀರಾಗ ಕಾಲು ನೆನೆಸಬಾರದು, ಆಣಿಗೆ ಹಚ್ಚೋ ಕಾರ್ನ್ ಪಟ್ಟಿ ಹಚ್ಚಬಾರದು, ಅದರೊಳಗಿನ ಆಸಿಡ್ ಗೊತ್ತಿಲ್ಲದಂಗ ಚರ್ಮ ಸುಡ್ತದ. ಜಳಕದ ನೀರಿನ ಬಿಸಿ ಮೊಣಕೈಯಿಂದ ನೋಡ್ರಿ. ಹಿಂದ ಪಟ್ಟಿ ಇರೋ ಎಂಸಿಆರ್ ಚಪ್ಪಲಿ, ಅಂದ್ರ ಮೆತ್ತನ ರಬ್ಬರಿನ ಚಪ್ಪಲಿ, ಮನ್ಯಾಗೂ ಹಾಕ್ರಿ, ಹಾಕೋ ಮುಂದ ಝಾಡಿಸಿ ಒಳಗ ಕೈಯಾಡಿಸ್ರಿ. ದಿನಾ ರಾತ್ರಿ ಅಂಗಾಲಿನ ಕೆಳಗ ಕನ್ನಡಿ ಹಿಡದು ನೋಡ್ಕೊಳ್ರಿ.

ಅಂಜನಾದ್ರಿಯ 575 ಮೆಟ್ಟಿಲು ಬರಿಗಾಲಿನ್ಯಾಗ ಹತ್ತೋರು, ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೋಗೋರು ಭಾಳ ಮಂದಿ. ಜೋಮಿದ್ದವರು ಬರಿಗಾಲಿನ್ಯಾಗ ನಡೀಬಾರದು. ಗುಡಿ ಕಡಿ ಚಪ್ಪಲಿ ಬಿಡಲೇಬೇಕಂದ್ರ ದಪ್ಪ ಹತ್ತಿ ಸಾಕ್ಸ್ ಹಾಕ್ಕೊಂಡು, ಕಲ್ಲು ಕಾಯೋದ್ರೊಳಗ ಬೆಳಿಗ್ಗೆನ ದರ್ಶನ ಮುಗಿಸ್ರಿ. ಉಳಿದವರಿಗೆ ನಡದು ಬೊಕ್ಕಿ ಎದ್ರ ಒಡೀಬ್ಯಾಡ್ರಿ, ತಾನಾಗೇ ಒಡದ್ರೂ ಮ್ಯಾಲಿನ ಚರ್ಮ ಕೀಳಬ್ಯಾಡ್ರಿ. ತೊಳದು, ಸ್ವಚ್ಛ ಬಟ್ಟಿ ಕಟ್ಟ್ರಿ.

ಗಾಯದ ಸುತ್ತ ಕೆಂಪು ಹಬ್ಬಿದ್ರ, ಪಾದ ಬಿಸಿಯಾಗಿ ಬಾತ್ರ, ವಾಸನಿ ಬಂದ್ರ, ಬೆರಳು ಕಪ್ಪಾದ್ರ, ಜ್ವರ ಬಂದ್ರ ನಾಳೆ ಅನ್ನಬ್ಯಾಡ್ರಿ, ಅವತ್ತ ದವಾಖಾನಿಗೆ ಹೋಗ್ರಿ. ಅಲ್ಲಿ ಎರಡೂ ಚಪ್ಪಲಿ ಬಿಚ್ಚಿ, ಎರಡೂ ಕಾಲು ತೋರಿಸ್ರಿ.